ಪೇಟೆಗೆ ಟೆಂಡರ್ ಕರೆದು ತಂದ ಕಳೆ

ಹಳೆ ಪೇಟೆಗೆ ಮರುಜೀವ ಬಂದಿದೆ ಎಂದು ಗುರುತಿಸುವುದು ಬಹಳ ಸುಲಭ. ಗೋಡೆಯ ಗಾರೆ ಕಿತ್ತು ಇಟ್ಟಿಗೆ ಕಾಣಿಸಿರುತ್ತಾರೆ. ಒಳಗಿನ ತಂತಿ ಕಾಣುವಂಥ ಹಳದಿ ಬಲ್ಬುಗಳು ತೂಗಾಡುತ್ತಿರುತ್ತವೆ. ಒಂದು ಗೋಡೆಯ ಮೇಲೆ ಎರಡು ದೊಡ್ಡ ರೆಕ್ಕೆ ಬರೆದಿರುತ್ತಾರೆ, ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು. ಚೌಕದಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಊರಿನ ಹೆಸರು. ಅದಂತೂ ಬೇಕೇ ಬೇಕು. ಉಳಿದದ್ದೆಲ್ಲ ಪಕ್ಕದ ಊರಿನ ಹಾಗೇ ಇರುವಾಗ, ಬಂದವರಿಗೆ ತಾವು ಎಲ್ಲಿದ್ದೇವೆ ಎಂದು ತಿಳಿಯಬೇಡವೇ?

ಆಮ್‌ಸ್ಟರ್‌ಡ್ಯಾಮ್‌ನವರು ಮ್ಯೂಸಿಯಂ ಚೌಕದಲ್ಲಿದ್ದ ಇಂಥ ಅಕ್ಷರಗಳನ್ನು 2018ರಲ್ಲಿ ಎತ್ತಿಸಿಬಿಟ್ಟರು. ಅದಾದ ಮೇಲೂ ಆ ಊರು ಜನರಿಗೆ ಗುರುತು ಸಿಗುತ್ತಿದೆ. ಈ ಸುದ್ದಿ ನಮ್ಮ ಪೇಟೆಗಳಿಗೆ ಯೋಜನೆ ಬರೆದುಕೊಡುವ ಸಲಹೆಗಾರರ ಕಿವಿಗೆ ಇನ್ನೂ ಬಿದ್ದಂತಿಲ್ಲ.

ಸಲಹೆಗಾರರ ವರದಿಯೇ ಒಂದು ಸೊಗಸು. ಮೊದಲ ಪುಟದಲ್ಲೇ 'ನಿಮ್ಮ ಊರಿಗೆ ಬೇರೆಲ್ಲೂ ಇಲ್ಲದ ಸೊಗಡಿದೆ' ಎಂದಿರುತ್ತದೆ. ಎಲ್ಲ ಊರಿಗೂ ಅದೇ ಪುಟ, ಹೆಸರು ಮಾತ್ರ ಬೇರೆ. ಚಿತ್ರದಲ್ಲಿ ಬಲೂನು ಹಿಡಿದ ಮಗು, ಸೈಕಲ್ ಮೇಲೆ ನಗುವ ಹುಡುಗಿ, ಒಂದು ಶಿಸ್ತಿನ ನಾಯಿ. ಕಾಮಗಾರಿ ಮುಗಿದ ಮೇಲೆ ಈ ಮೂವರೂ ಆ ಕಡೆ ಸುಳಿಯುವುದಿಲ್ಲ.

ಇದು ಇಂದಿನ ಕಾಯಿಲೆ ಅಂದುಕೊಳ್ಳಬೇಡಿ. ವಿಕ್ಟರ್ ಗ್ರುಯೆನ್ ಎಂಬ ವಾಸ್ತುಶಿಲ್ಪಿ 1956ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಪೂರ್ತಿ ಮುಚ್ಚಿದ ಶಾಪಿಂಗ್ ಮಾಲ್ ಕಟ್ಟಿಸಿದರು. ಅಂಥ ಮಾಲ್‌ಗಳು ಎಲ್ಲೆಡೆ ಎದ್ದವು, ಪೇಟೆಗಳು ಸೊರಗಿದವು. ಸೊರಗಿದ ಪೇಟೆಗೆ ಮದ್ದು ಕೇಳಲು ಊರುಗಳು ಯಾರ ಬಳಿ ಹೋದವು? ಅದೇ ಗ್ರುಯೆನ್ ಬಳಿ! ಅವರ ಸಲಹೆಯ ಮೇರೆಗೆ ಕಲಮಜೂ ಎಂಬ ಊರು 1959ರಲ್ಲಿ ಮುಖ್ಯ ಬೀದಿಗೆ ಕಾರು ಬಾರದಂತೆ ಮಾಡಿತು. ಫ್ರೆಸ್ನೊ 1964ರಲ್ಲಿ ಅದೇ ಹಾದಿ ಹಿಡಿಯಿತು. ಬೀದಿಗೆ ಕಾರಂಜಿ ಬಂತು, ಶಿಲ್ಪಗಳು ಬಂದವು. ಗಿರಾಕಿಗಳು ಮಾತ್ರ ಮಾಲ್ ಬಿಟ್ಟು ಬರಲಿಲ್ಲ. ಕಲಮಜೂ 1998ರಲ್ಲಿ ಬೀದಿಯ ಒಂದು ಭಾಗಕ್ಕೆ, ಫ್ರೆಸ್ನೊ 2017ರಲ್ಲಿ, ಮತ್ತೆ ಕಾರುಗಳನ್ನು ಕರೆಸಿಕೊಂಡವು. ಅದನ್ನೂ ಪುನಶ್ಚೇತನ ಎಂದೇ ಕರೆದರು. ಮುಚ್ಚಿದರೂ ಪುನಶ್ಚೇತನ, ತೆರೆದರೂ ಪುನಶ್ಚೇತನ. ಗುತ್ತಿಗೆದಾರರಿಗಂತೂ ಎರಡೂ ಸಲ ಚೇತನ ಬಂದಿರುತ್ತದೆ, ಅನುಮಾನವೇ ಇಲ್ಲ.

ಕಾರು ತಡೆದದ್ದೇ ತಪ್ಪು ಎನ್ನಲೂ ಆಗದು. ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿಗೆ 1962ರಿಂದ ಕಾರಿಲ್ಲ, ಅಲ್ಲಿ ಇಂದಿಗೂ ಜನವೋ ಜನ. ಅಲ್ಲಿ ಕಾರು ತಡೆಯುವ ಮೊದಲೂ ಜನ ಇದ್ದರು, ಅಲ್ವಾ? ಈ ಸಣ್ಣ ವಿಷಯ ನಕಲು ಮಾಡುವಾಗ ಬಿಟ್ಟುಹೋಗುತ್ತದೆ.

ವಿಲಿಯಂ ವೈಟ್ ಎಂಬಾತ 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ನೋಡುತ್ತಾ ಕೂತರು. ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ, ಜನ ಇದ್ದಲ್ಲಿಗೆ ಇನ್ನಷ್ಟು ಜನ ಬರುತ್ತಾರೆ. ಅವರು ಕಂಡುಕೊಂಡದ್ದು ಇಷ್ಟೇ. ಇಷ್ಟು ಸರಳ ಮಾತಿಗೆ ಯಾರು ಶುಲ್ಕ ಕೊಡುತ್ತಾರೆ ಹೇಳಿ? ಹಾಗಾಗಿ ಹೊಸ ಚೌಕದ ಬೆಂಚಿಗೆ ನಡುನಡುವೆ ಕಬ್ಬಿಣದ ಅಡ್ಡಪಟ್ಟಿ ಹಾಕುತ್ತಾರೆ. ಯಾರೂ ಮಲಗಬಾರದು, ಸುಮ್ನೆ ಜಾಸ್ತಿ ಹೊತ್ತು ಕೂರಲೂಬಾರದು. ಆಮೇಲೆ 'ಜನ ಯಾಕೆ ಬರುತ್ತಿಲ್ಲ' ಎಂದು ಅಧ್ಯಯನಕ್ಕೆ ಇನ್ನೊಂದು ಟೆಂಡರ್.

ಹೊಸ ಯೋಚನೆಗೆ ಹಳೆ ಕಟ್ಟಡ ಬೇಕು ಎಂದು ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಹೇಳಿದ್ದರು. ಅವರ ಲೆಕ್ಕ ಬಾಡಿಗೆಯದು. ಕಟ್ಟಿದ ಸಾಲ ತೀರಿರುವ ಹಳೆ ಕಟ್ಟಡದಲ್ಲಿ ಬಾಡಿಗೆ ಕಡಿಮೆ. ಅಲ್ಲಿ ಚಿಕ್ಕ ಅಂಗಡಿ, ವಿಚಿತ್ರ ಅಂಗಡಿ, ಇನ್ನೂ ಲಾಭ ಕಾಣದ ಅಂಗಡಿ ಎಲ್ಲವೂ ಬದುಕುತ್ತವೆ. ನಮ್ಮ ಯೋಜಕರು ಈ ಮಾತನ್ನು ಅರ್ಧ ಪಾಲಿಸಿದ್ದಾರೆ. ಹಳೆ ಕಟ್ಟಡ ಉಳಿಸಿಕೊಂಡರು, ಹಳೆ ಬಾಡಿಗೆ ಕೆಡವಿದರು. ಮೆಟ್ಟಿಲ ಕೆಳಗೆ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕನ ಜಾಗದಲ್ಲಿ ಈಗ ಗೋಡೆ ತುಂಬ ಓಡದ ಹಳೆ ಗಡಿಯಾರ ತೂಗುಹಾಕಿದ ಕಾಫಿ ಅಂಗಡಿ. ವಾತಾವರಣಕ್ಕಾಗಿ!

ಮುದುಕನನ್ನು ಮರೆತರು ಎಂದು ದೂರುವ ಹಾಗಿಲ್ಲ. ಯೋಜನೆಯ ಎರಡನೇ ಹಂತದಲ್ಲಿ ಅವನದೊಂದು ಕಂಚಿನ ಪ್ರತಿಮೆ ಇದೆ. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮುಟ, ಪಕ್ಕದಲ್ಲಿ ನೀವು ಕೂತು ಫೋಟೊ ತೆಗೆಸಿಕೊಳ್ಳಲು ಒಂದು ಖಾಲಿ ಸ್ಟೂಲು. ಅದರ ಮೇಲೆ ಮುದುಕನೇ ಬಂದು ಕೂತು ರಿಪೇರಿಗೆ ಇಳಿದರೆ ಮಾತ್ರ ದಂಡ. ಪಾದಚಾರಿ ಮಾರ್ಗ ಒತ್ತುವರಿ ಮಾಡಿದ್ದಕ್ಕೆ.