ಈಗ ಬಿದ್ದೇ ಬೀಳುತ್ತೆ, ತಾಳು

ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರದಲ್ಲಿ ಎದುರಿನವರ ಕಾಯಿ ಒಂದು ಸುತ್ತು ಮುಗಿಸಿ ಒಳಮನೆಗೆ ನುಗ್ಗುತ್ತಿರುವಾಗ ನಮ್ಮದಿನ್ನೂ ಹುಟ್ಟೇ ಇಲ್ಲ, ಅಂದರೆ ಆಟಕ್ಕೇ ಇಳಿದಿಲ್ಲ, ಅನ್ನುವುದಕ್ಕಿಂತ ದೊಡ್ಡ ಅವಮಾನ ರಜೆಯ ಮಧ್ಯಾಹ್ನಕ್ಕೆ ಬೇರೆ ಇಲ್ಲ. ಮೇಲೆ ಒಬ್ಬ ಚಿಕ್ಕಪ್ಪನ ಸಮಾಧಾನ ಬೇರೆ: “ಏಳು ಸಲ ಬಿದ್ದಿಲ್ಲ ಅಲ್ವೇನೋ, ಈಗ ಬಿದ್ದೇ ಬೀಳುತ್ತೆ, ತಾಳು.” ಇಂಥ ಚಿಕ್ಕಪ್ಪ ಇಲ್ಲದ ಮನೆಯಿಲ್ಲ.

ಬೀಳಬಹುದು. ಆದರೆ ಏಳು ಸಲ ಬಿದ್ದಿಲ್ಲ ಅನ್ನುವ ಕಾರಣಕ್ಕಲ್ಲ. ಕವಡೆಗೆ ನೆನಪಿಲ್ಲ, ಕರುಣೆಯಂತೂ ಮೊದಲೇ ಇಲ್ಲ.

ಕವಡೆ ನಾಲ್ಕು. ಒಂದೊಂದೂ ಬಾಯಿ ಮೇಲಾಗಿ ಬೀಳುವ ಸಂಭವ ಅರ್ಧ ಎಂದಿಟ್ಟುಕೊಳ್ಳಿ. ನಾಲ್ಕೂ ಮೇಲಾದರೆ ಚೌಕ: ಅರ್ಧವನ್ನು ನಾಲ್ಕು ಸಲ ಗುಣಿಸಿ, 1/16. ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು, ಅದೂ 1/16. ‘ಇದೂ ಆಗಬೇಕು, ಅದೂ ಆಗಬೇಕು’ ಎಂದರೆ ಗುಣಿಸುವುದು. ‘ಇದೋ ಅದೋ’ ಸಾಕು, ಎರಡೂ ಒಟ್ಟಿಗೆ ಆಗುವಂತಿಲ್ಲ ಎಂದರೆ ಕೂಡುವುದು. ಹಾಗಾಗಿ ಚೌಕವೋ ಬಾರಾವೋ ಬಿದ್ದರೆ ಮಾತ್ರ ಕಾಯಿ ಹುಟ್ಟುತ್ತದೆ ಎಂಬ ನಿಯಮವಿರುವ ಮನೆಗಳಲ್ಲಿ ಸಂಭವ 2/16, ಎಂಟಕ್ಕೆ ಒಂದು. ಎರಡು ಬೀಳುವುದಕ್ಕೆ, ಅಂದರೆ ಯಾವುದಾದರೂ ಎರಡು ಕವಡೆ ಮಾತ್ರ ಮೇಲಾಗುವುದಕ್ಕೆ, ಆರು ದಾರಿ: 6/16. ಯಾರಿಗೂ ಬೇಡದ ಎರಡೇ ಬಂದು ಬಂದು ಒಕ್ಕರಿಸುವುದು ಅದಕ್ಕೇ.

“ಹಾಗಾದ್ರೆ ಎಂಟು ಸಲಕ್ಕೆ ಗ್ಯಾರಂಟಿ!” ಅಂತಾರೆ ಚಿಕ್ಕಪ್ಪ. ಹಾಗಿದ್ದರೆ ಒಂಬತ್ತು ಸಲಕ್ಕೆ ಗ್ಯಾರಂಟಿಗಿಂತ ಹೆಚ್ಚಾಗಬೇಕಿತ್ತು. ‘ಒಮ್ಮೆಯಾದರೂ’ ಎಂಬ ಪ್ರಶ್ನೆಗೆ ಹಿತ್ತಿಲ ಬಾಗಿಲಿಂದ ಬರಬೇಕು: ಒಮ್ಮೆಯೂ ಬೀಳದಿರುವ ಸಂಭವ ಎಷ್ಟು? ಪ್ರತಿ ಸಲ 7/8. ಎಂಟು ಸಲ ಗುಣಿಸಿದರೆ ಸುಮಾರು 0.34. ಎಂಟೆಂಟು ಸಲ ಹಾಕಿದ ಮೂವರಲ್ಲಿ ಒಬ್ಬರು ಇನ್ನೂ ಹುಟ್ಟದೆ ಕೂತಿರುವುದೇ ಸಹಜ.

ಈ ಗುಣಾಕಾರಕ್ಕೆ ಒಂದು ಷರತ್ತಿದೆ: ಒಂದು ಕವಡೆ ಹೇಗೆ ಬಿತ್ತು ಅನ್ನುವುದು ಇನ್ನೊಂದಕ್ಕೆ ತಟ್ಟಬಾರದು. ಚಿಕ್ಕಪ್ಪನ ಕೈಯಲ್ಲಿ ಆ ಷರತ್ತು ಅಲ್ಲೇ ಪ್ರಾಣ ಬಿಡುತ್ತದೆ. ಮೊದಲು ಉಫ್ ಎಂದು ಊದುತ್ತಾರೆ. ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಾರೆ. ಅಷ್ಟರಲ್ಲಿ ಬೆರಳುಗಳು ಒಂದೊಂದೇ ಕವಡೆಯ ಬಾಯಿ ಹುಡುಕಿ ಒಂದೇ ಕಡೆಗೆ ತಿರುಗಿಸಿ ಮುಗಿದಿರುತ್ತದೆ. ಆಮೇಲೆ ನೆಲದಿಂದ ಅರ್ಧ ಅಂಗುಲ ಮೇಲೆ ಕೈ ತಂದು, ಹಾಕುವುದಿಲ್ಲ, ಮಲಗಿಸುತ್ತಾರೆ. “ಚೌಕಾ!” ಒಂದು ಕವಡೆ ಮಂಚದಡಿ ಉರುಳಿ ಬೋರಲಾದರೆ ಅದು ಲೆಕ್ಕಕ್ಕಿಲ್ಲ. ಮೇಲಾಗಿದ್ದರೆ ಮಂಚದಡಿಯೂ ಮನೆಯೊಳಗೇ ತಾನೆ? ಅದಕ್ಕೇ ಎರಡೂ ಕೈ ಬೊಗಸೆ ಮಾಡಿ ಕುಲುಕಿ, ಒಂದು ಗೇಣು ಮೇಲಿಂದ ಬಿಡಬೇಕು. ಹೊರಗೆ ಉರುಳಿದರೆ ನಾಲ್ಕನ್ನೂ ಮತ್ತೆ ಹಾಕಬೇಕು ಎಂದು ಆಟಕ್ಕೆ ಮೊದಲೇ ಬಾಯಿಬಿಟ್ಟು ಹೇಳಿ.

ಇನ್ನು ಆ ‘ಅರ್ಧ’. ಕವಡೆಯ ಬೆನ್ನು ಬೇರೆ, ಬಾಯಿ ಬೇರೆ, ಅರ್ಧವೇ ಆಗಬೇಕೆಂದಿಲ್ಲ. ಒಂದು ಕವಡೆಯನ್ನು ನೂರು ಸಲ ಹಾಕಿ ಎಣಿಸಿ. ನಲವತ್ತು ಸಲ ಬಾಯಿ ಮೇಲಾಯಿತು ಅನ್ನಿ: ಚೌಕದ ಸಂಭವ ಸುಮಾರು 0.026, ಬಾರಾದ್ದು 0.13. ಐದು ಪಟ್ಟು ವ್ಯತ್ಯಾಸ! ಎಷ್ಟೋ ಮನೆಗಳಲ್ಲಿ ಅಜ್ಜಿಯ ಡಬ್ಬಿಯಲ್ಲಿ ಮೂರೇ ಕವಡೆ ಉಳಿದಿವೆ, ನಾಲ್ಕನೆಯದರ ಬದಲು ಒಂದು ಮಗ್ಗುಲು ತೇದ ಹುಣಸೆಬೀಜ. ಆಗ ಬೀಜದ್ದನ್ನು ಬೇರೆಯೇ ಎಣಿಸಿ ಗುಣಿಸಬೇಕು. ಆಟಕ್ಕೆ ನಾಲ್ಕು ಜನ ಕೂರುವುದೇ ಅಪರೂಪವಾಗಿರುವಾಗ ಬೀಜವಾದರೇನು, ಬಿಡಿ.

ಒಂದು ಬಿದ್ದರೂ ಕಾಯಿ ಹುಟ್ಟಲಿ ಎಂದು ನಿಯಮ ಮಾಡಿಕೊಂಡರೆ, ಒಂದರ 4/16 ಕೂಡಿ ಸಂಭವ 6/16ಕ್ಕೇರುತ್ತದೆ. ಎಂಟು ಸಲವೂ ಹುಟ್ಟದೆ ಕೂರುವ ದುರದೃಷ್ಟ ನೂರಕ್ಕೆ 34ರಿಂದ ಎರಡರ ಆಸುಪಾಸಿಗೆ ಇಳಿಯುತ್ತದೆ. ಚಿಕ್ಕಪ್ಪ ಒಪ್ಪುವುದಿಲ್ಲ. ಅವರ ನಾಲ್ಕೂ ಕಾಯಿ ಆಗಲೇ ಹುಟ್ಟಿವೆ.