ಅಗ್ಗದ ಮಾಂಸದ ಅಸಲು ಖರ್ಚು

ದುಬಾರಿ ಮಾಂಸ ತಂದು ರುಚಿಯಾಗಿ ಬೇಯಿಸುವುದರಲ್ಲಿ ಏನು ಹೆಚ್ಚುಗಾರಿಕೆ, ಅಗ್ಗದ್ದನ್ನು ತಂದು ಬೇಯಿಸಿ ತೋರಿಸಬೇಕು ಎಂದು ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದೆ. ಹೆಂಡತಿ ಪೇಪರಿನಿಂದ ತಲೆ ಎತ್ತದೆ, "ನಿಮ್ಮಿಷ್ಟ ಕಣ್ರೀ" ಅಂದಳು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತಿನ ಅರ್ಥ ನನಗೆ ಗೊತ್ತಿರಬೇಕಿತ್ತು.

ಕುರಿಯ ಮೊಣಕಾಲಿನ ಕೆಳಗಿನ ಮಾಂಸ, ಎರಡು ಕೆಜಿ ತಂದೆ. ಮನೆಗೆ ಬಂದು ನೋಡಿದರೆ ಮೂಳೆಯೇ ಯಜಮಾನ, ಮಾಂಸ ಬಾಡಿಗೆಗಿದ್ದಂತಿತ್ತು. ಅಂಗಡಿಯವನು, "ಚೆನ್ನಾಗಿ ಬೇಯಿಸಬೇಕು ಸಾರ್" ಅಂದಿದ್ದ. ಎಷ್ಟು ಹೊತ್ತು ಅಂತ ಕೇಳಿದ್ದಕ್ಕೆ, "ಬೇಯೋವರೆಗೂ" ಅಂದಿದ್ದ. ನಾನು ಅದನ್ನು ತಮಾಷೆ ಅಂದುಕೊಂಡೆ.

ಕಾಲು, ಭುಜ, ಕುತ್ತಿಗೆ ಪ್ರಾಣಿ ಬದುಕಿರುವಷ್ಟು ದಿನವೂ ದುಡಿಯುವ ಭಾಗಗಳು. ನಡೆಯುವುದು, ಭಾರ ಹೊರುವುದು, ತಲೆ ತಗ್ಗಿಸಿ ಮೇಯುವುದು ಎಲ್ಲ ಇವುಗಳದೇ ಕೆಲಸ. ಅದಕ್ಕೇ ಅಲ್ಲಿ ನಾರು ಜಾಸ್ತಿ, ಬೆಲೆ ಕಡಿಮೆ. ಬೆನ್ನಿನ ಉದ್ದಕ್ಕೂ ಹೆಚ್ಚು ಮೈ ದಂಡಿಸದೆ ಒರಗಿಕೊಂಡಿರುವ ಮಾಂಸ ಮೆತ್ತಗೆ, ಬೆಲೆ ಮಾತ್ರ ಬಿಸಿ. ಆಫೀಸಿನಲ್ಲಿ ಸಂಬಳ ಹಂಚುವುದೂ ಇದೇ ಸೂತ್ರದ ಮೇಲೆ. ಹೀಗಾಗಿ ಆ ಕಾಲಿನ ಮೇಲೆ ನನಗೆ ಒಂಥರಾ ಬಂಧುತ್ವ ಹುಟ್ಟಿತು.

ಬಂಧುತ್ವ ಬಾಯಿಗೆ ಬರುವವರೆಗೆ ಮಾತ್ರ. ಅವತ್ತು ರಾತ್ರಿ ಊಟಕ್ಕೆ ಭಾವಮೈದುನ ಬರುವವನಿದ್ದ. ಹೊತ್ತಿಲ್ಲವೆಂದು ತುಂಡುಗಳನ್ನು ಕಾದ ಬಾಣಲೆಗೆ ಹಾಕಿ ಜೋರು ಉರಿಯಲ್ಲಿ ಹುರಿದೆ. ಮೇಲೆ ಬಂಗಾರದ ಬಣ್ಣ, ಮನೆ ತುಂಬ ಘಮ. ಒಳಗೆ ಆಗುತ್ತಿದ್ದುದೇ ಬೇರೆ. 60 ಡಿಗ್ರಿ ದಾಟುತ್ತಿದ್ದಂತೆ ಮಾಂಸದ ಎಳೆಗಳು ಬಿಗಿದುಕೊಂಡು ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಹೊರಹಾಕುತ್ತವೆ. ಎಳೆಗಳನ್ನು ಕಟ್ಟಿಹಾಕಿರುವ ಕೊಲಾಜೆನ್ ಎಂಬ ನಾರು ಕರಗಲು ಸುಮಾರು 70 ಡಿಗ್ರಿಗಿಂತ ಮೇಲೆ ಗಂಟೆಗಟ್ಟಲೆ ಒದ್ದೆ ಬಿಸಿ ಬೇಕು. ನಾನು ಕೊಟ್ಟದ್ದು ಹದಿನೈದು ನಿಮಿಷ.

ಮೇಜಿನ ಸುತ್ತ ಮೌನ. ನಾಲ್ಕು ದವಡೆಗಳು ಮಾತ್ರ ಚಾಲ್ತಿಯಲ್ಲಿದ್ದವು. ಕೊನೆಗೆ ಭಾವಮೈದುನ ಕೆನ್ನೆ ಹಿಡಿದುಕೊಂಡು, "ಭಾವ, ರುಚಿ ಚೆನ್ನಾಗಿದೆ. ಆದ್ರೆ ಇದು ಮುಗಿಯೋದು ಯಾವಾಗ?" ಎಂದು ಕೇಳಿದ.

ಉಳಿದ ಹಸಿ ಮಾಂಸದಲ್ಲಿ ಅರ್ಧ ತೆಗೆದುಕೊಂಡು ಹಸಿ ಪಪ್ಪಾಯಿ ಅರೆದು ಸವರಿ ರಾತ್ರಿಯಿಡೀ ಇಟ್ಟೆ. ಚಮಚ ಸಾಕೆನ್ನುವ ಕಡೆ ಸೌಟು ಬಳಸುವುದು ನನ್ನ ಸ್ವಭಾವ. ಪಪ್ಪಾಯಿಯ ಕಿಣ್ವ ಮಾಂಸವನ್ನು ಮೆದುಮಾಡುವುದು ನಿಜ, ಆದರೆ ಅದು ಮೇಲ್ಮೈ ಬಿಟ್ಟು ಒಳಗೆ ಹೆಚ್ಚು ಇಳಿಯುವುದಿಲ್ಲ. ಬೇಯಿಸಿದಾಗ ಹೊರಗೆ ಪೇಸ್ಟು, ಒಳಗೆ ಹಗ್ಗ. ಹೆಂಡತಿ ತಟ್ಟೆಯನ್ನು ನೋಡಿ, ನನ್ನನ್ನು ನೋಡಿ, ಮಜ್ಜಿಗೆ ಕಲೆಸಿಕೊಂಡಳು.

ಮೂರನೇ ಸಲ ಗೆದ್ದೆ, ನಿದ್ದೆಯ ಕೃಪೆಯಿಂದ. ಮಿಕ್ಕ ತುಂಡುಗಳನ್ನು ದಪ್ಪ ತಳದ ಪಾತ್ರೆಗೆ ಹಾಕಿ, ನೀರು ಸುರಿದು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿಟ್ಟು ಸೋಫಾದ ಮೇಲೆ ಒರಗಿದ್ದಷ್ಟೇ ನೆನಪು. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿವರೆಗೆ ಕಾಯುವುದರಿಂದ ಅದರಲ್ಲಿಟ್ಟಿದ್ದರೆ ಮುಕ್ಕಾಲು ಗಂಟೆಯ ಕೆಲಸ. ಆದರೆ ಅದರ ಗ್ಯಾಸ್ಕೆಟ್ಟನ್ನು ಹಿಂದಿನ ವಾರ ನಾನೇ ತೊಳೆದು ಎಲ್ಲೋ ಜೋಪಾನವಾಗಿ ಇಟ್ಟಿದ್ದೆ. ಮೂರೂವರೆ ಗಂಟೆ ಬಿಟ್ಟು ಎದ್ದಾಗ ಮೂಳೆ ಒಂದು ಕಡೆ, ಮಾಂಸ ಒಂದು ಕಡೆ, ನೀರು ಅರ್ಧಕ್ಕಿಳಿದಿತ್ತು. ತುಟಿಗೆ ತುಟಿ ಅಂಟುವಂಥ ರುಚಿ. ಹೆಂಡತಿ ಎರಡನೇ ಸಲ ಬಡಿಸಿಕೊಂಡಳು. ನಾನು ನಿದ್ದೆಯ ವಿಷಯ ಎತ್ತಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಉಳಿದ ಸಾರನ್ನು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ತೆಗೆದರೆ ಮೇಲೆ ಬಿಳಿ ಕೊಬ್ಬಿನ ಹಪ್ಪಳ, ಕೆಳಗೆ ಗಡಗಡ ನಡುಗುವ ಗಟ್ಟಿ ಮುದ್ದೆ. ಕೆಟ್ಟುಹೋಗಿದೆ ಎಂದು ಗಾಬರಿಯಾಗಿ, ಯಾರಿಗೂ ಗೊತ್ತಾಗುವ ಮೊದಲೇ ಬಿಸಿಮಾಡಿ ಕರಗಿಸಿ ಸಿಂಕಿಗೆ ಸುರಿದುಬಿಟ್ಟೆ. ಕೊಲಾಜೆನ್ ಕರಗಿ ಜಿಲೆಟಿನ್ ಆದರೆ ತಣ್ಣಗಾದಾಗ ಹೀಗೆ ಹೆಪ್ಪುಗಟ್ಟುತ್ತದೆ, ಸಾರು ಚೆನ್ನಾಗಿ ಬಂದಿದೆ ಅನ್ನುವುದಕ್ಕೆ ಅದೇ ಗುರುತು ಎಂದು ತಿಳಿದದ್ದು ಸಂಜೆ. ಹಿಂದೆ ಬಡಗಿಗಳು ಮರ ಜೋಡಿಸಲು ಬಳಸುತ್ತಿದ್ದ ಅಂಟು ಕೂಡ ಇದೇ ಸಾಮಗ್ರಿಯದು. ಅಂದರೆ ನಾನು ಪೈಪಿನೊಳಕ್ಕೆ ಒಂದು ಪಾತ್ರೆ ಕೊಬ್ಬನ್ನೂ ಒಂದು ಪಾತ್ರೆ ಅಂಟನ್ನೂ ಒಟ್ಟಿಗೆ ಇಳಿಸಿದ್ದೆ.

ಮರುದಿನ ಪ್ಲಂಬರ್ ಬಂದ. ಸಿಂಕಿನ ಕೆಳಗೆ ಮಲಗಿ ಪೈಪು ಬಿಚ್ಚಿ, ಒಳಗಿಂದ ಜಾರಿದ್ದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದ. ಆಮೇಲೆ ನನ್ನ ಮುಖ ನೋಡಿದ.

"ಒಳ್ಳೇ ಸಾರು ಸಾರ್. ಯಾಕೆ ಚೆಲ್ಲಿದ್ರಿ?"

ಅವನು ಹೇಳಿದ ಕೂಲಿಯಲ್ಲಿ ಬೆನ್ನಿನ ಮಾಂಸವೇ ಮೂರು ಕೆಜಿ ಬರುತ್ತಿತ್ತು. ಹೆಂಡತಿ ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಪೇಪರು ಅಲುಗಾಡುತ್ತಿತ್ತು.