ಬೆಟ್ಟಕ್ಕೊಂದು ಥೀಮ್ ಬೇಕಿತ್ತು

ಬೆಟ್ಟಗಳಿಗೆ ಇಷ್ಟು ಕಾಲ ಇದ್ದ ದೊಡ್ಡ ಕೊರತೆಯೆಂದರೆ ಅವಕ್ಕೆ ಒಂದು ಥೀಮ್ ಇರಲಿಲ್ಲ. ಕೋಟ್ಯಂತರ ವರ್ಷಗಳಿಂದ ಮಳೆಗಾಳಿಗೆ ಮೈಯೊಡ್ಡಿ, ಮೈಮೇಲೆ ಕಣಿವೆಗಳನ್ನು ಕೊರೆಸಿಕೊಂಡು, ಮುಂಜಾನೆ ಮಂಜು ಹೊದ್ದು, ಸಂಜೆ ಕೆಂಪೇರಿ, ನೋಡಲು ಬಂದವರ ಬಳಿ ಏನನ್ನೂ ಕೇಳದೆ ಅವು ಸುಮ್ಮನೆ ನಿಂತಿದ್ದವು. ಇಂಥ ನಿರುದ್ಯೋಗ ಎಷ್ಟು ದಿನ ನಡೆದೀತು? ಕೊನೆಗೂ ಯಾರೋ ಪುಣ್ಯಾತ್ಮರು ಮೇಲೆ ಹತ್ತಿ ಬಂದು, ಇಳಿಜಾರನ್ನು ಕಡಿದು ಮಟ್ಟಮಾಡಿ, ಕಾಂಕ್ರೀಟ್ ಕಂಬ ನೆಟ್ಟು, ‘ಮಾಂತ್ರಿಕ ಅರಣ್ಯ’, ‘ಮೋಡಗಳ ಮನೆ’, ‘ಶಾಪಗ್ರಸ್ತ ಬಂಗಲೆ’ ಎಂಬ ಧಾಟಿಯ ಕೆಫೆಗಳನ್ನು ತೆರೆದ ಮೇಲೆ ಬೆಟ್ಟಕ್ಕೂ ಒಂದು ಉದ್ಯೋಗ ಸಿಕ್ಕಿದೆ. ಅದು ಈಗ ಕೆಫೆಯ ಹಿಂಬದಿಯ ಪರದೆ.

ಪರದೆಯೆಂದೆ, ಆದರೆ ಅದೂ ಎಲ್ಲ ಹೊತ್ತಿನಲ್ಲಿ ಅಲ್ಲ. ಇಂಥ ಕೆಫೆಯೊಳಗೆ ಕಾಲಿಟ್ಟವರು ಮೊದಲು ಗಮನಿಸಬೇಕಾದದ್ದು ಕಿಟಕಿಗಳನ್ನು. ಬಹುಪಾಲು ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟಿರುತ್ತಾರೆ. ಹಗಲು ಬೆಳಕು ಒಳಗೆ ಬಂದರೆ ಫೈಬರಿನ ಬಂಡೆಗಳು ಫೈಬರಿನಂತೆಯೂ, ಪ್ಲಾಸ್ಟಿಕ್ ಬಳ್ಳಿಗಳು ಪ್ಲಾಸ್ಟಿಕ್ಕಿನಂತೆಯೂ ಕಾಣುವ ಅಪಾಯವಿದೆ. ಆದ್ದರಿಂದ ಕಾಡಿನ ನಡುವೆ ಒಂದು ಕತ್ತಲ ಕೋಣೆ ಕಟ್ಟಿ, ಅದರೊಳಗೆ ದೀಪ ಹಚ್ಚಿ, ಆ ದೀಪದ ಬೆಳಕಿನಲ್ಲಿ ಇನ್ನೊಂದು ಕಾಡನ್ನು ತೋರಿಸುತ್ತಾರೆ. ಚಾವಣಿಯಲ್ಲಿ ಎಲ್‌ಇಡಿ ಚಂದ್ರನಿದ್ದಾನೆ, ಅವನಿಗೆ ಅಮಾವಾಸ್ಯೆಯ ಕಾಟವಿಲ್ಲ. ಮೂಲೆಯಲ್ಲಿ ಪಂಪು ಎತ್ತಿಕೊಡುವ ನೀರು ಮತ್ತೆ ಮತ್ತೆ ಅದೇ ಬಂಡೆಯಿಂದ ಧುಮುಕುತ್ತದೆ. ಧ್ವನಿವರ್ಧಕದಲ್ಲಿ ಹಕ್ಕಿಗಳ ಕಲರವ ನಿರಂತರ. ಆ ಹಕ್ಕಿಗಳನ್ನು ಹಾಡಿಸಲು ವಿದ್ಯುತ್ ಬೇಕು, ಬೆಟ್ಟದಲ್ಲಿ ವಿದ್ಯುತ್ತಿಗೆ ಭರವಸೆ ಕಡಿಮೆಯಾದ್ದರಿಂದ ಜನರೇಟರ್ ಬೇಕು, ಆ ಜನರೇಟರಿನ ಸದ್ದಿಗೆ ಹೊರಗಿದ್ದ ನಿಜವಾದ ಹಕ್ಕಿಗಳು ಆಚೆಯ ಗುಡ್ಡಕ್ಕೆ ಹೋಗಿ ಬಹಳ ಕಾಲವಾಯಿತು. ಧ್ವನಿಮುದ್ರಣ ಏಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಸಮರ್ಪಕವಾದ ಉತ್ತರ ಇನ್ನೊಂದಿಲ್ಲ.

ಬಟ್ಟೆ ಹಾಕದ ಗಾಜಿನ ಗೋಡೆಯೂ ಒಂದಿರುತ್ತದೆ, ಇಲ್ಲವೆಂದರೆ ಅನ್ಯಾಯವಾದೀತು. ಅದರ ಮುಂದೆ ಒಂದು ಉಯ್ಯಾಲೆ, ಒಂದು ಜೊತೆ ರೆಕ್ಕೆಗಳ ಚಿತ್ರ, ಮತ್ತು ಒಂದು ಸಾಲು. ಆ ಸಾಲಿನಲ್ಲಿ ನಿಂತವರಿಗೆಲ್ಲ ಕಣಿವೆ ಸ್ಪಷ್ಟವಾಗಿ ಕಾಣುತ್ತಿರುತ್ತದೆ, ಆದರೆ ಯಾರೂ ಅದನ್ನು ನೋಡುವುದಿಲ್ಲ, ಏಕೆಂದರೆ ಮುಂದಿನವರು ಯಾವಾಗ ಉಯ್ಯಾಲೆಯಿಂದ ಇಳಿಯುತ್ತಾರೆ ಎಂಬುದರ ಮೇಲೆ ಎಲ್ಲರ ಗಮನ. ತಮ್ಮ ಸರದಿ ಬಂದ ಕೂಡಲೇ ಕಣಿವೆಗೆ ಬೆನ್ನು ತಿರುಗಿಸಿ ಕುಳಿತುಕೊಳ್ಳಬೇಕೆಂಬುದು ನಿಯಮ. ಇಷ್ಟು ದೂರ, ಇಷ್ಟು ತಿರುವುಗಳನ್ನು ಹಾದು, ದಾರಿಯಲ್ಲಿ ಹೊಟ್ಟೆ ತೊಳಸಿಕೊಂಡು ಬಂದು ಬೆಟ್ಟಕ್ಕೆ ಬೆನ್ನು ತೋರಿಸುವುದು ಸಣ್ಣ ಸಾಧನೆಯಲ್ಲ.

ಇದೆಲ್ಲ ಈ ಕಾಲದ ಹುಚ್ಚು ಎಂದು ಮೂಗು ಮುರಿಯುವ ಹಿರಿಯರಿಗೆ ಇತಿಹಾಸ ಸ್ವಲ್ಪ ಅಡ್ಡಿಯಾಗುತ್ತದೆ. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದ ಬುಡದಲ್ಲಿ 1890ರ ದಶಕದಲ್ಲೇ ನರಕದ ಹೆಸರಿನಲ್ಲಿ ಒಂದು, ಅದರ ಪಕ್ಕದಲ್ಲೇ ಸ್ವರ್ಗದ ಹೆಸರಿನಲ್ಲಿ ಇನ್ನೊಂದು ಕೆಫೆಯಿದ್ದವು. ನರಕದ ಬಾಗಿಲು ರಾಕ್ಷಸನ ತೆರೆದ ಬಾಯಿಯಾಗಿತ್ತು. ಶೂನ್ಯದ ಹೆಸರಿನ ಮೂರನೆಯದೊಂದರಲ್ಲಿ ಗ್ರಾಹಕರು ಶವಪೆಟ್ಟಿಗೆಗಳನ್ನೇ ಮೇಜು ಮಾಡಿಕೊಂಡು ಕುಳಿತು, ರೋಗಗಳ ಹೆಸರಿಟ್ಟ ಪಾನೀಯಗಳನ್ನು ತರಿಸಿಕೊಂಡು ಕುಡಿಯುತ್ತಿದ್ದರು, ಮತ್ತು ಗಾಜಿನ ಪ್ರತಿಫಲನದ ಒಂದು ಚಮತ್ಕಾರದಿಂದ ಮನುಷ್ಯನು ಕಣ್ಣೆದುರೇ ಅಸ್ಥಿಪಂಜರವಾಗುವುದನ್ನು ನೋಡುತ್ತಿದ್ದರು. ತೈವಾನಿನಲ್ಲಿ ಕಮೋಡಿನ ಆಕಾರದ ಆಸನದ ಮೇಲೆ ಕೂರಿಸಿ, ಪುಟ್ಟ ಶೌಚದ ಬಟ್ಟಲಿನಲ್ಲಿ ಸುರುಳಿ ಸುರುಳಿಯಾಗಿ ಚಾಕೊಲೇಟ್ ಐಸ್‌ಕ್ರೀಮ್ ಬಡಿಸುವ ಉಪಾಹಾರಗೃಹ ಈ ಶತಮಾನದ ಆರಂಭದಲ್ಲೇ ಹೆಸರು ಮಾಡಿತು. ಅಲ್ಲಿಯವರಿಗೆ ಒಂದು ಸಮರ್ಥನೆಯಾದರೂ ಇತ್ತು: ನಗರದ ನಡುವೆ ನರಕವಾಗಲಿ ಶೌಚಾಲಯವಾಗಲಿ ನೋಡುವಷ್ಟು ಸೊಗಸಾಗಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಮಂಜಿನ ನಡುವೆ ಕುಳಿತು ಮಂಜನ್ನೇ ಥೀಮ್ ಮಾಡಿದ ಧೈರ್ಯ ಮಾತ್ರ ನಮ್ಮ ಕಾಲದ್ದು.

ಆ ಮಂಜಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಡೀ ವ್ಯವಹಾರದ ಜಾಣತನ ಅಡಗಿರುವುದು ಅಲ್ಲಿ. ಮೆನುವಿನ ಮೊದಲ ಪುಟದಲ್ಲೇ ‘ಮೋಡ’ ಎಂಬ ಡೆಸರ್ಟ್ ಇರುತ್ತದೆ. ಗಾಜಿನ ಗುಮ್ಮಟವೊಂದನ್ನು ವೇಟರ್ ಗಂಭೀರವಾಗಿ ತಂದಿಟ್ಟು, “ಸರ್, ವಿಡಿಯೋ ಆನ್ ಮಾಡಿಕೊಳ್ಳಿ” ಎಂದು ಎಚ್ಚರಿಸಿ, ಮೇಜಿನವರೆಲ್ಲ ಸಿದ್ಧರಾದರೆಂದು ಖಾತ್ರಿಪಡಿಸಿಕೊಂಡು ಗುಮ್ಮಟವನ್ನು ಎತ್ತುತ್ತಾನೆ. ಬಿಳಿಯ ಹೊಗೆ ಮೇಜಿನ ಮೇಲೆಲ್ಲ ಹರಿದು ಅಂಚಿನಿಂದ ಕೆಳಕ್ಕೆ ಇಳಿಯುತ್ತದೆ. ಇದು ಡ್ರೈ ಐಸಿನ ಮಹಿಮೆ. ಡ್ರೈ ಐಸ್ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ನೀರಾಗದೆ ನೇರವಾಗಿ ಅನಿಲವಾಗುತ್ತದೆ. ಆದರೆ ಆ ಅನಿಲಕ್ಕೆ ಬಣ್ಣವಿಲ್ಲ, ಅದು ಕಣ್ಣಿಗೆ ಕಾಣುವುದೂ ಇಲ್ಲ. ಕಾಣುವ ಬಿಳುಪು ಗಾಳಿಯಲ್ಲಿದ್ದ ನೀರಾವಿ ಆ ಚಳಿಗೆ ಹನಿಗಟ್ಟಿದ್ದು, ಅಂದರೆ ಅಪ್ಪಟ ಮಂಜು. ಬೆಟ್ಟದ ಗಾಳಿಯಲ್ಲಿ ತೇವ ಹೇರಳವಾಗಿರುವುದರಿಂದ ಹೊಗೆ ದಟ್ಟವಾಗಿಯೇ ಏಳುತ್ತದೆ. ಕೆಳಗಿನ ಕಾರ್ಖಾನೆಯಲ್ಲಿ ತಯಾರಾದ ಡ್ರೈ ಐಸನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ತುಂಬಿ, ದಾರಿಯುದ್ದಕ್ಕೂ ಅನಿಲವಾಗಿ ಕಳೆದುಕೊಳ್ಳುತ್ತ ಮೇಲಕ್ಕೆ ಸಾಗಿಸಿ, ಕಿಟಕಿಯಾಚೆ ಪುಕ್ಕಟೆಯಾಗಿ ಅಲೆಯುತ್ತಿದ್ದ ತೇವವನ್ನೇ ಮೇಜಿನ ಮೇಲೆ ಮಂಜು ಮಾಡಿ, ಅದಕ್ಕೆ ಬಿಲ್ಲು ಹಾಕುವ ಈ ವಿದ್ಯೆಯ ಮುಂದೆ ಹಳೆಯ ರಸವಾದಿಗಳು ತಲೆಬಾಗಬೇಕು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಕೋಣೆಯಲ್ಲಿ ಅದು ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ, ಗಾಳಿಯಾಡಲು ಕಿಟಕಿ ತೆರೆದಿರಬೇಕು ಎಂದು ತಿಳಿದವರು ಹೇಳುತ್ತಾರೆ. ಕಿಟಕಿ ತೆರೆದರೆ ನಿಜವಾದ ಮಂಜು ಒಳಗೆ ಬಂದು ಕೆಲಸ ಕೆಡಿಸುತ್ತದೆಯಲ್ಲ, ಅದಕ್ಕೇನು ಮಾಡುವುದು?

ಡ್ರೈ ಐಸಿಗಿಂತ ಮೇಲಿನ ದರ್ಜೆಯದು ದ್ರವ ಸಾರಜನಕ. ಅದು ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ. ಅದರಲ್ಲಿ ಅದ್ದಿದ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡರೆ ಮೂಗಿನಿಂದ ಹೊಗೆ ಬರುತ್ತದೆ, ಮತ್ತು ಮನುಷ್ಯನು ಸ್ವಲ್ಪ ಹೊತ್ತು ಕೋಪಗೊಂಡ ಸರ್ಪದಂತೆ ಕಾಣುತ್ತಾನೆ. ಬಡಿಸುವ ಹೊತ್ತಿನಲ್ಲಿ ದ್ರವ ಸಾರಜನಕ ಹಾಕಿ ಕೊಡುವ ತಿನಿಸುಗಳಿಂದ ಚರ್ಮಕ್ಕೂ ಒಳಾಂಗಗಳಿಗೂ ಗಂಭೀರ ಗಾಯವಾಗಬಹುದು, ಅವುಗಳಿಂದ ದೂರವಿರಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಸಿತ್ತು. ತಣ್ಣನೆಯ ಬೆಟ್ಟಕ್ಕೆ ಬಂದು, ಸ್ವೆಟರ್ ಹಾಕಿಕೊಂಡು, ಕೈಯುಜ್ಜಿಕೊಳ್ಳುತ್ತ, ಇದಕ್ಕಿಂತ ತಣ್ಣನೆಯದು ಏನಿದೆ ಎಂದು ವಿಚಾರಿಸುವ ಗ್ರಾಹಕನಿಗೆ ಆ ಎಚ್ಚರಿಕೆ ಕಿವಿಗೆ ಬೀಳುವ ಸಂಭವ ಕಡಿಮೆ.

ಇನ್ನು ಕಪ್ಪು ಐಸ್‌ಕ್ರೀಮ್. ಇದಕ್ಕೆ ‘ಅಮಾವಾಸ್ಯೆ’ ಎಂದೋ ‘ಜ್ವಾಲಾಮುಖಿ’ ಎಂದೋ ಹೆಸರು. ಕಪ್ಪಿಗೆ ಕಾರಣ ಸಕ್ರಿಯ ಇದ್ದಿಲು, ವಿಷ ಸೇವಿಸಿದವರಿಗೆ ಆಸ್ಪತ್ರೆಯಲ್ಲಿ ಕುಡಿಸುವ ಪುಡಿ. ಅದು ವಿಷವನ್ನು ಹೀರಿಕೊಳ್ಳುವಂತೆಯೇ ಬೆಳಗ್ಗೆ ನುಂಗಿದ ಔಷಧವನ್ನೂ ಹೀರಿಕೊಳ್ಳಬಲ್ಲದು. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2018ರಲ್ಲಿ ಇದನ್ನು ಆಹಾರದಲ್ಲಿ ಬಳಸದಂತೆ ತಡೆಯಿತು. ಅದರ ಮೇಲೊಂದು ಚಿನ್ನದ ರೇಕು ಅಂಟಿಸಿದರೆ ಹೆಸರು ‘ರಾಜಯೋಗ’ವಾಗುತ್ತದೆ, ಬೆಲೆ ಹೆಸರಿಗೆ ತಕ್ಕಂತೆ ಏರುತ್ತದೆ. ಚಿನ್ನಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಅದು ಅರಗುವುದೂ ಇಲ್ಲ. ಬಂದಂತೆಯೇ ಮರುದಿನ ಹೊರಟುಹೋಗುತ್ತದೆ. ಒಂದು ಗ್ರಾಂ ಚಿನ್ನವನ್ನು ಬಡಿದು ಬಡಿದು ಸುಮಾರು ಒಂದು ಚದರ ಮೀಟರಿನಷ್ಟು ಹರವಬಹುದಾದ್ದರಿಂದ ಬಟ್ಟಲಿನ ಮೇಲಿನ ತುಣುಕಿನಲ್ಲಿ ಚಿನ್ನಕ್ಕಿಂತ ಅದರ ಸುದ್ದಿಯೇ ಹೆಚ್ಚು. ಹಾಗಿದ್ದರೂ ಅದನ್ನು ತಿಂದವರ ಮುಖದಲ್ಲಿ ಬರುವ ಕಳೆ ಸುಳ್ಳಲ್ಲ.

ಎಲ್ಲ ವಿಚಿತ್ರ ಡೆಸರ್ಟುಗಳೂ ಒಂದೇ ಜಾತಿಯವಲ್ಲ ಎಂಬುದನ್ನು ಒಪ್ಪಬೇಕು. ಜಪಾನಿನ ಯಮನಾಶಿ ಪ್ರಾಂತ್ಯದಲ್ಲಿ, ಬೆಟ್ಟಗಳ ಬುಡದ ಊರೊಂದರಲ್ಲಿ, ಅಲ್ಲಿನ ಬುಗ್ಗೆ ನೀರಿಗೆ ಅಗರ್ ಎಂಬ ಪಾಚಿಯ ಅಂಟನ್ನು ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಸೇರಿಸಿ, ಗುಂಡನೆಯ ನೀರಹನಿಯಂತೆ ಕಾಣುವ ಒಂದು ಸಿಹಿಯನ್ನು ಮಾಡುತ್ತಾರೆ. ಹೊರಗಿಟ್ಟ ಅರ್ಧ ಗಂಟೆಯೊಳಗೆ ಅದು ಕರಗಿ ನೀರಾಗುತ್ತದೆ. ಆ ನೀರು ಅಲ್ಲಿನದೇ ಆಗಿರುವುದರಿಂದ ಅದರಲ್ಲಿ ಆ ಬೆಟ್ಟವಾದರೂ ಇದೆ. ನಕಲು ಮಾಡಿದ ಕೆಫೆಗಳು ಬಾಟಲಿ ನೀರಿನಿಂದ ಅದನ್ನು ತಯಾರಿಸಿ, ಬೇಗ ಕರಗದಿರಲೆಂದು ಅಂಟು ಹೆಚ್ಚಿಸಿದ್ದರಿಂದ, ಈಗ ಅದನ್ನು ಮೇಜಿನಿಂದ ಕೆಳಗೆ ಬೀಳಿಸಿದರೆ ಪುಟಿಯುತ್ತದೆ.

ಬೆಟ್ಟ ತನ್ನ ಕಡೆಯಿಂದ ಅಡುಗೆಮನೆಗೆ ನಿಜವಾದ ಒಂದು ವಿಚಿತ್ರವನ್ನು ಕೊಡುತ್ತದೆ, ಅದನ್ನು ಮಾತ್ರ ಯಾರೂ ಮೆನುವಿಗೆ ಸೇರಿಸಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗುತ್ತದೆ. 2,000 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಸಕ್ಕರೆಯ ಪಾಕ ಬಯಲಿನ ಅಳತೆಗೆ ಬಗ್ಗುವುದಿಲ್ಲ. ಕೇಕಿನೊಳಗಿನ ಅನಿಲ ಬೇಗ ಹಿಗ್ಗಿ, ಮೈ ಗಟ್ಟಿಯಾಗುವ ಮೊದಲೇ ಮೇಲೆದ್ದು, ನಡುವೆ ಕುಸಿದು ಕೂರುತ್ತದೆ. ಅಲ್ಲಿ ಬಹಳ ಕಾಲ ಬೇಯಿಸಿದವರು ಬೇಕಿಂಗ್ ಪೌಡರನ್ನೂ ಸಕ್ಕರೆಯನ್ನೂ ಸ್ವಲ್ಪ ಕಡಿಮೆ ಮಾಡಿ, ನೀರನ್ನು ಹೆಚ್ಚಿಸಿ, ಓವನ್ನಿನ ಶಾಖ ಏರಿಸಿ ಎತ್ತರದ ಜೊತೆ ರಾಜಿ ಮಾಡಿಕೊಳ್ಳುತ್ತಾರೆ. ಒಂದೊಂದು ಬೆಟ್ಟಕ್ಕೆ ಒಂದೊಂದು ಲೆಕ್ಕ. ಇದು ಕಲಿಯಲು ತಾಳ್ಮೆ ಬೇಡುವ ಕುಶಲಕರ್ಮ. ಥೀಮ್ ಕೆಫೆ ಈ ತಲೆನೋವಿಗೆ ಕೈ ಹಾಕುವುದಿಲ್ಲ. ಬಯಲಿನ ಬೇಕರಿಯಲ್ಲಿ ಬೆಂದ ಕೇಕು ಶೀತಲ ವ್ಯಾನಿನಲ್ಲಿ ಡ್ರೈ ಐಸಿನ ಸಹಪ್ರಯಾಣಿಕನಾಗಿ ಮೇಲೆ ಬರುತ್ತದೆ, ಮೇಲಿನ ಅಡುಗೆಮನೆಯಲ್ಲಿ ಅದರ ನೆತ್ತಿಗೆ ಒಂದು ಪುದೀನ ಎಲೆ ಸಿಕ್ಕಿಸಿದ ಕೂಡಲೇ ‘ಗಿರಿಶಿಖರದಲ್ಲಿ ಕೈಯಾರೆ ತಯಾರಿಸಿದ್ದು’ ಎಂಬ ಬಿರುದಿಗೆ ಪಾತ್ರವಾಗುತ್ತದೆ.

ಬಡಿಸುವ ಕ್ರಮದ ಬಗ್ಗೆ ಒಂದು ಮಾತು. ತಟ್ಟೆ ಎಂಬ ಉಪಕರಣವನ್ನು ಈ ಕೆಫೆಗಳು ಕೈಬಿಟ್ಟಿವೆ. ಕೇಕು ಹಲಗೆಗಲ್ಲಿನ ಮೇಲೆ ಬರುತ್ತದೆ, ಮರದ ತೊಗಟೆಯ ಮೇಲೆ ಬರುತ್ತದೆ, ಪುಟ್ಟ ಗುದ್ದಲಿಯ ಮೇಲೂ ಬರುತ್ತದೆ. ಪಾಯಸದಂಥ ತೆಳ್ಳನೆಯದನ್ನು ಕೂಡ ಚಪ್ಪಟೆ ಕಲ್ಲಿನ ಮೇಲೆ ಬಡಿಸಿ, ಗ್ರಾಹಕನು ಅದನ್ನು ಹರಿದುಹೋಗದಂತೆ ತಡೆಯುವ ಸಾಹಸವನ್ನು ‘ಅನುಭವ’ ಎಂದು ಕರೆಯುತ್ತಾರೆ. ಸ್ಟ್ರಾಬೆರಿ ಮೂಸ್ ಎಂಬ ಒಂದೇ ನೊರೆಯಂಥ ಸಿಹಿಯನ್ನು ಕಪ್ಪು ತಟ್ಟೆಯಲ್ಲಿ ತಿಂದವರಿಗಿಂತ ಬಿಳಿ ತಟ್ಟೆಯಲ್ಲಿ ತಿಂದವರಿಗೆ ಅದು ಹೆಚ್ಚು ಸಿಹಿಯೆನಿಸಿತೆಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತ್ತು. ಬಿಳಿ ತಟ್ಟೆ ಕೊಟ್ಟಿದ್ದರೆ ಸಕ್ಕರೆಯನ್ನಾದರೂ ಉಳಿಸಬಹುದಿತ್ತು. ಕಪ್ಪು ಕಲ್ಲಿನ ಮೇಲೆ ಸಪ್ಪೆಯಾಗುವ ಕೇಕಿಗೆ ಮೇಲಿನಿಂದ ಪಾಕ ಸುರಿಯುವುದು ಈಗ ಅನಿವಾರ್ಯವಾಗಿದೆ, ಆ ಸುರಿಯುವ ದೃಶ್ಯಕ್ಕೆ ಮತ್ತೊಂದು ವಿಡಿಯೋ.

ತಿನ್ನುವುದು ಈ ಕಾರ್ಯಕ್ರಮದ ಕೊನೆಯ, ಬಹುಮಟ್ಟಿಗೆ ಐಚ್ಛಿಕವಾದ ಅಂಗ. ಹೊಗೆ ಇಳಿಯುವುದರೊಳಗೆ ರೀಲ್ ಮುಗಿಯದಿದ್ದರೆ ಇನ್ನೊಂದು ‘ಮೋಡ’ ತರಿಸಬೇಕಾಗುತ್ತದೆ. ಮುಗಿದರೆ, ಅಷ್ಟರಲ್ಲಿ ಅರ್ಧ ಕರಗಿದ ಐಸ್‌ಕ್ರೀಮನ್ನು ನಾಲ್ವರು ಎರಡು ಚಮಚಗಳಲ್ಲಿ ಮುಟ್ಟಿ ನೋಡಿ, “ನೋಡೋಕೆ ತುಂಬಾ ಚೆನ್ನಾಗಿದೆ” ಎಂದು ತೀರ್ಪು ಕೊಡುತ್ತಾರೆ. ಈ ವಾಕ್ಯದಲ್ಲಿರುವ ಪ್ರಾಮಾಣಿಕತೆಯನ್ನು ಕೆಫೆಯ ಮಾಲೀಕರು ಇಂದಿಗೂ ಗುರುತಿಸದೆ ಅದನ್ನು ಗೋಡೆಯ ಮೇಲೆ ಪ್ರಶಂಸೆಯಾಗಿ ಬರೆಸಿದ್ದಾರೆ.

ಮೆನುವಿನ ಕೊನೆಯ ಪುಟದಲ್ಲಿ ಇರುವುದು ‘ಭೂಕುಸಿತ’. ಮೂರು ಪದರದ ಚಾಕೊಲೇಟ್ ಕೇಕಿನ ಬುಡವನ್ನು ಚಮಚದಿಂದ ಕೊರೆದಾಗ ಮೇಲಿನ ಪದರಗಳು ಬಿಸಿ ಪಾಕದೊಂದಿಗೆ ಜಾರಿ ಬಂದು, ತಪ್ಪಲಿನಲ್ಲಿಟ್ಟಿರುವ ಸಕ್ಕರೆಯ ಪುಟ್ಟ ಮನೆಗಳನ್ನು ಮುಚ್ಚಬೇಕು ಎಂಬುದು ಅದರ ವಿನ್ಯಾಸ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಇದನ್ನು ರೂಪಿಸಿದವರಿಗೆ ಭೂವಿಜ್ಞಾನ ಚೆನ್ನಾಗಿ ಗೊತ್ತಿದೆ ಎನ್ನದೆ ವಿಧಿಯಿಲ್ಲ. ಇಳಿಜಾರಿನ ಬುಡವನ್ನು ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮರ ಕಡಿದರೆ ಮಣ್ಣನ್ನು ಹಿಡಿದಿದ್ದ ಬೇರು ಕೊಳೆಯುತ್ತದೆ. ಮಳೆನೀರು ಒಳಗಿಳಿದು ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿದಾಗ ಅವು ಒಂದಕ್ಕೊಂದು ಕಚ್ಚಿಕೊಳ್ಳುವ ಶಕ್ತಿ ಕುಂದಿ ಇಡೀ ಮಗ್ಗುಲು ಜಾರುತ್ತದೆ. ಕೇಕಿನಲ್ಲಿ ಇಷ್ಟೂ ಇದೆ. ಕೆಫೆಯ ಹಿಂದಿನ ಪಾರ್ಕಿಂಗ್ ಜಾಗದಲ್ಲೂ ಇಷ್ಟೂ ಇದೆ, ಅಲ್ಲಿ ಪಾಕದ ಬದಲು ಪಾತ್ರೆ ತೊಳೆದ ನೀರು ಮತ್ತು ಶೌಚದ ಗುಂಡಿಯ ನೀರು ಇಳಿಯುತ್ತಿವೆ, ತಪ್ಪಲಿನ ಮನೆಗಳು ಮಾತ್ರ ಸಕ್ಕರೆಯವಲ್ಲ.

ತಡೆಗೋಡೆಯಲ್ಲಿ ಬಿರುಕು ಬಿಟ್ಟಿದೆಯಲ್ಲ ಎಂದು ಗ್ರಾಹಕರೊಬ್ಬರು ತೋರಿಸಿದರೆ ಕೆಫೆಯವರು ಗಾಬರಿಯಾಗುವವರಲ್ಲ. ಅದರ ಸುತ್ತ ದೀಪದ ಸರ ಹಾಕಿ, ಬಿರುಕಿನಿಂದ ಫೈಬರಿನ ಬೇರೊಂದು ಹೊರಬರುವಂತೆ ಮಾಡಿ, ‘ಶಾಪಗ್ರಸ್ತ ಬಂಗಲೆ’ಯ ವಿಭಾಗಕ್ಕೆ ಅದನ್ನು ಸೇರಿಸಿಕೊಳ್ಳುತ್ತಾರೆ. ಮುಂದಿನ ಮಳೆಗಾಲದಲ್ಲಿ ಪಾರ್ಕಿಂಗಿನ ಒಂದು ಮೂಲೆ ಕಣಿವೆಗೆ ಹೋದರೂ ಚಿಂತೆಯಿಲ್ಲ. ಉಳಿದ ಅಂಚಿಗೆ ಕಂಬಿ ಕಟ್ಟಿ, ಉಯ್ಯಾಲೆಯನ್ನು ಅಲ್ಲಿಗೆ ಸಾಗಿಸಿದರೆ ಹೊಸ ವ್ಯೂ ಪಾಯಿಂಟ್ ಸಿದ್ಧ. ಮೊದಲಿನದಕ್ಕಿಂತ ಅಲ್ಲಿ ಕಣಿವೆ ಹೆಚ್ಚು ಆಳವಾಗಿ ಕಾಣುವುದರಿಂದ ಪ್ರವೇಶ ಶುಲ್ಕವನ್ನು ಪ್ರತ್ಯೇಕವಾಗಿಯೇ ವಸೂಲು ಮಾಡಬಹುದು.